ತುದಿಯ ಗುಂಡು

ಅಂದು ಬೆಳಿಗ್ಗೆ ನಾಗಣಸೂರಿನ ಮೇಲೆ ಮಂಜು ಇಳಿದಿತ್ತು. ನಮ್ಮ ಕಡೆ ಮಂಜು ಅಪರೂಪದ ಬೀಗ. ವರ್ಷಕ್ಕೆ ಒಂದೆರಡು ಸಲ, ಅದೂ ಜೋಳ ಮೊಳಕಾಲುದ್ದ ಆದ ಮೇಲೆ, ಹೇಳದೆ ಬಂದು ಹೇಳದೆ ಹೋಗುತ್ತದೆ. ಅಂದು ಮಾತ್ರ ಅದು ಹಾಸಿಗೆ ಸಮೇತ ಬಂದಂತೆ ಊರಿನ ಮೇಲೆ ಮಲಗಿಬಿಟ್ಟಿತ್ತು. ಗುಡಿಯ ಕಳಸ ಕಾಣುತ್ತಿರಲಿಲ್ಲ. ಎಮ್ಮೆ ಒದರಿದರೆ ಯಾರ ಮನೆಯದೆಂದು ತಿಳಿಯುತ್ತಿತ್ತು, ಎಮ್ಮೆ ಮಾತ್ರ ಕಾಣುತ್ತಿರಲಿಲ್ಲ. ಇಂಥ ಮಂಜನ್ನು ದೇವರು ಧ್ಯಾನಕ್ಕೆಂದು ಕಳಿಸುತ್ತಾನೆ. ಸಾತಲಿಂಗಪ್ಪ ಅದನ್ನು ಕಳವಿಗೆ ಬಳಸಿಕೊಂಡ.

ಕಳವು ಎಂದರೆ ಮಾತು ದೊಡ್ಡದಾಯಿತು. ತನ್ನದೇ ಮನೆಯಲ್ಲಿ, ತನ್ನ ಹೆಂಡತಿಯ ಸರದಿಂದ, ತನ್ನ ಮಗಳ ಸಲುವಾಗಿ ಒಂದೇ ಒಂದು ಗುಂಡನ್ನು ತೆಗೆದದ್ದು. ಸಾತಲಿಂಗಪ್ಪ ಹನ್ನೆರಡು ಎಕರೆಯ ಒಕ್ಕಲಿಗ, ಐವತ್ತೈದರ ಸಾಧು ಮನುಷ್ಯ. ಯಾವ ಕೆಲಸವನ್ನೂ ಕೆಟ್ಟ ಮನಸ್ಸಿನಿಂದ ಮಾಡಿದವನಲ್ಲ. ಆದರೂ ಅವನು ಮಾಡಿದ ಕೆಲಸಗಳಲ್ಲಿ ಅರ್ಧದಷ್ಟನ್ನು ಊರಿನವರು ಸೇರಿ ಬಿಡಿಸಬೇಕಾಗುತ್ತಿತ್ತು.

ಇದರ ಬೀಜ ಬಿದ್ದದ್ದು ಹಿಂದಿನ ಸಂಜೆ, ಚಹಾದ ಹೋಟೆಲಿನ ಕಟ್ಟೆಯ ಮೇಲೆ. ಅವನ ಮಗಳು ಪ್ರಣಿತಾ ಸೋಲಾಪುರದ ವಿದ್ಯಾಪೀಠದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹೊಸ ಬಗೆಯ ಅರೆವಾಹಕಗಳ ಮೇಲೆ ಸಂಶೋಧನೆ. ಅದೇನೆಂದು ಸಾತಲಿಂಗಪ್ಪ ಕಟ್ಟೆಗೆ ಆಗಲೇ ಹತ್ತು ಸಲ ವಿವರಿಸಿದ್ದ. "ಒಂದು ತಲಿಗೂದಲಾ ಉದ್ದಕ ಸೀಳಿ ಸಾವಿರ ಮಾಡ್ರಿ. ಅದರಾಗಿನ ಒಂದು ಸೀಳಿನಷ್ಟು ತೆಳ್ಳಗ ಪದರಾ ಮಾಡ್ತಾಳ ನನ್ನ ಮಗಳು. ನಾಳಿ ಗಾಡಿ, ಮೋಟಾರು, ಮೊಬೈಲು, ಎಲ್ಲಾ ಅದರ ಮ್ಯಾಲ ನಡೀತಾವ." ಕಟ್ಟೆಯವರು ತಮ್ಮ ತಲೆ ಸವರಿಕೊಂಡು ಹೌದೆನ್ನುತ್ತಿದ್ದರು.

ಹಿಂದಿನ ಸಂಜೆ ಅವಳ ಫೋನು ಬಂತು. ಸಾತಲಿಂಗಪ್ಪನ ಫೋನಿನ ಸ್ಪೀಕರನ್ನು ಆರಿಸುವುದು ಹೇಗೆಂದು ಅವನಿಗೆ ಮೂರು ವರ್ಷಗಳಿಂದ ತಿಳಿದಿರಲಿಲ್ಲವಾಗಿ ಕಟ್ಟೆಗೆ ಕಟ್ಟೆಯೇ ಕೇಳಿಸಿಕೊಂಡಿತು.

"ಅಪ್ಪಾ, ನಾಳಿಂದ ನಮ್ಮಲ್ಲಿ ಟ್ರೇನಿಂಗ್ ಅದ. ಬ್ಯಾರೆ ಬ್ಯಾರೆ ಊರಿಂದ ಹನ್ನೆರಡು ಮಂದಿ ಪಿಎಚ್‌ಡಿ ಹುಡುಗರು ಬಂದಾರ. ಗ್ಯಾಲಿಯಂ ಆಕ್ಸೈಡಿನ ಪದರಕ ಬಂಗಾರದ ಚುಕ್ಕಿ ಹ್ಯಾಂಗ ಕೂಡಸೋದು ಅಂತ ನಾನ ತೋರಸಬೇಕು. ಆದ್ರ ಬಂಗಾರನ ಕೈಗೆ ಬಂದಿಲ್ಲ. ನಾಳಿ ಮಧ್ಯಾಹ್ನ ಒಂದರೊಳಗ ಸಿಗಲಿಲ್ಲಂದ್ರ ಸರ್ ಟ್ರೇನಿಂಗ್ ರದ್ದ ಮಾಡ್ತಾರ. ನನ್ನ ಮೊದಲನೇ ವರ್ಷದ ರಿಪೋರ್ಟೂ ಹೋದ್ಹಂಗ."

"ಚುಕ್ಕಿ ಯಾಕ ಬೇಕವಾ ಅದಕ?"

"ಚುಕ್ಕಿ ಇಲ್ಲಂದ್ರ ಕರೆಂಟ್ ಒಳಗ ಹೋಗಂಗಿಲ್ಲಪ್ಪ. ಬಾಗಲಾ ಇಲ್ಲದ ಮನಿ ಇದ್ದಂಗ."

"ಎಷ್ಟು ಬೇಕು ಬಂಗಾರ?"

"ಅರ್ಧ ಗ್ರಾಂ."

ಕಟ್ಟೆ ನಕ್ಕಿತು. ಯಾರೋ ಒಬ್ಬರು, "ಇಷ್ಟ ದೊಡ್ಡ ವಿದ್ಯಾಪೀಠದಾಗ ಅರ್ಧ ಗ್ರಾಂ ಬಂಗಾರ ಇಲ್ಲಂತ," ಎಂದರು. ಮಗಳ ವಿದ್ಯಾಪೀಠವನ್ನು ಆಡಿಕೊಂಡದ್ದು ಸಾತಲಿಂಗಪ್ಪನಿಗೆ ತನ್ನ ಎತ್ತುಗಳನ್ನೇ ಆಡಿಕೊಂಡಂತಾಯಿತು. ರುಮಾಲು ಸರಿಪಡಿಸಿಕೊಂಡು ಎದ್ದು ನಿಂತ.

"ಅವರ ಬಲ್ಲಿ ಇಲ್ಲಂದ್ರ ನಾಗಣಸೂರ ಕೊಡ್ತದ ತಗೋರಿ," ಎಂದ.

ಈ ನಾಗಣಸೂರ ಎಂದರೆ ಯಾರು ಎಂಬ ಪ್ರಶ್ನೆ ಅವನಿಗೆ ಎದುರಾದದ್ದು ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ.

ಬೆಳಗಾದರೆ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಯ ನಸುಕಿನಲ್ಲಿ ಅವನ ಹೆಂಡತಿ ಕಸ್ತೂರಬಾಯಿ ತನ್ನ ಬೋರಮಾಳವನ್ನು ಕೊರಳಿಂದ ತೆಗೆದು, ಅಂಟವಾಳಕಾಯಿಯ ನೊರೆ ನೀರಿನ ಬಟ್ಟಲಿನಲ್ಲಿ ಬಿಟ್ಟು, ತಾನು ನೀರೊಲೆ ಹಚ್ಚಲು ಹಿತ್ತಲಿಗೆ ಹೋಗುತ್ತಿದ್ದಳು. ಬೋರೆಹಣ್ಣಿನ ಆಕಾರದ ಮೂವತ್ತೆರಡು ಬಂಗಾರದ ಗುಂಡುಗಳ ಸರ ಅದು. ಇಪ್ಪತ್ತಾರು ವರ್ಷಗಳ ಹಿಂದೆ ಅವಳು ಸೊಸೆಯಾಗಿ ಬಂದಾಗ ಅತ್ತೆ ಲಕ್ಷ್ಮೀಬಾಯಿ ತನ್ನ ಕೊರಳಿಂದ ಬಿಚ್ಚಿ ಅವಳ ಕೊರಳಿಗೆ ಕಟ್ಟಿದ್ದು. ಅದನ್ನು ತೊಳೆದು ಕಟ್ಟಿಕೊಂಡ ಮೇಲೆಯೇ ಮನೆಯಲ್ಲಿ ಲಕ್ಷ್ಮೀಪೂಜೆ.

ಸಾತಲಿಂಗಪ್ಪ ಬಟ್ಟಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಆಳವಾಗಿ ವಿಚಾರ ಮಾಡಿದ. ನಡುವಿನ ಗುಂಡು ತೆಗೆದರೆ ಎದೆಯ ಮೇಲೆ ಗೊತ್ತಾಗುತ್ತದೆ. ಗಂಟಿನ ಪಕ್ಕದ ತುದಿಯ ಗುಂಡು ಕತ್ತಿನ ಹಿಂದೆ ಇರುತ್ತದೆ, ಮೇಲೆ ಸೆರಗು. ಅದನ್ನು ಯಾರು ನೋಡುತ್ತಾರೆ. ತನ್ನ ವಂಶದಲ್ಲಿ ಇಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದವರು ಹಿಂದೆ ಯಾರೂ ಇರಲಿಕ್ಕಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ಕೆಂಪು ದಾರದ ಗಂಟು ಬಿಚ್ಚಿ, ತುದಿಯ ಗುಂಡು ಕಳಚಿ, ಮತ್ತೆ ಗಂಟು ಹಾಕಿ, ಗುಂಡನ್ನು ಧೋತರದ ಚುಂಗಿಗೆ ಕಟ್ಟಿಕೊಂಡು ಮಂಜಿನೊಳಕ್ಕೆ ಇಳಿದ.

ಮಂಜಿನಲ್ಲಿ ತಾನು ಯಾರಿಗೂ ಕಾಣುವುದಿಲ್ಲವೆಂದು ಊರಿನಲ್ಲಿ ಅವನೊಬ್ಬನೇ ನಂಬಿದ್ದ.

"ಯಾಕ ಅಣ್ಣಾ, ಇಷ್ಟ ನಸಕನ್ಯಾಗ ಎಲ್ಲಿ ಹೊಂಟಿ?" ಅಂಗಳ ಗುಡಿಸುತ್ತಿದ್ದ ನೆರೆಮನೆಯ ನಂದಾ ಮಂಜಿನೊಳಗಿಂದಲೇ ಕೇಳಿದಳು. ಮೊದಲು ಪೊರಕೆ ಕಂಡಿತು, ಆಮೇಲೆ ಅವಳು.

"ಹೊಲಕ್ಕ."

"ಇಸ್ತ್ರಿ ಅಂಗಿ ಹಾಕ್ಕೊಂಡು?"

"ಜ್ವಾಳಾ ನೋಡಿ ಬರ್ತೀನಿ."

"ಜ್ವಾಳದ ಲಗ್ನಾ ಇರಬೇಕು," ಎಂದು ನಂದಾ ಮತ್ತೆ ಗುಡಿಸತೊಡಗಿದಳು. ಆದರೆ ಅವನು ಹೊಲದ ದಾರಿ ಬಿಟ್ಟು ಬಸ್ಸಿನ ದಾರಿ ಹಿಡಿದ ಸಪ್ಪಳವನ್ನು ಅವಳ ಕಿವಿ ಬರೆದುಕೊಂಡಿತು.

ಅಕ್ಕಲಕೋಟೆಯಲ್ಲಿ ಇಳಿದು ಮಠದಲ್ಲಿ ಸ್ವಾಮಿಗಳ ಸಮಾಧಿಯ ದರ್ಶನ ಮಾಡದೆ ಮುಂದೆ ಹೋಗುವ ಅಭ್ಯಾಸ ಆ ಮನೆತನಕ್ಕಿಲ್ಲ. ಸಾತಲಿಂಗಪ್ಪ ಗುಂಡನ್ನು ಹೊಸ್ತಿಲಿಗೆ ಮುಟ್ಟಿಸಿ, ವಿಭೂತಿ ಹಚ್ಚಿ, "ಸ್ವಾಮೀ, ಇದು ನನ್ನ ಮಗಳಿಗೆ ಬಾಗಲಾ ಆಗಲಿ," ಎಂದು ಬೇಡಿಕೊಂಡ. ಭಕ್ತಿಯಿಂದ ಮುಚ್ಚಿದ ಕಣ್ಣು ತೆರೆದರೆ ಎದುರಿಗೆ ಅಮೋಗಸಿದ್ಧ. ಕಸ್ತೂರಬಾಯಿಯ ತಮ್ಮ, ಅಲ್ಲೇ ಮಠದ ಬೀದಿಯಲ್ಲಿ ಹೂವು ಕಾಯಿ ಮಾರುವವನು.

"ಮಾಂವ, ಇದು ನಮ್ಮ ಅಕ್ಕನ ಬೋರಮಾಳದ ಗುಂಡಲ್ಲೇನು?"

ಸಾತಲಿಂಗಪ್ಪನಿಗೆ ಸುಳ್ಳು ಹೇಳಲು ಬರುತ್ತಿತ್ತು, ಆದರೆ ಸ್ವಾಮಿಗಳ ಮುಂದೆ ಅಲ್ಲ. ಎಲ್ಲವನ್ನೂ ಹೇಳಿಬಿಟ್ಟ. ಗುಂಡನ್ನು ಗಾಜಿನ ಗಂಟೆಯಂಥ ಪಾತ್ರೆಯಲ್ಲಿ ಇಟ್ಟು, ಗಾಳಿ ತೆಗೆದು, ಕಾಯಿಸಿ, ಆವಿ ಮಾಡಿ, ಆ ಆವಿಯನ್ನು ಪದರದ ಮೇಲೆ ಚುಕ್ಕಿಯಾಗಿ ಕೂಡಿಸುತ್ತಾರೆಂಬುದನ್ನೂ ಮಗಳಿಂದ ಕೇಳಿ ತಿಳಿದಷ್ಟು ಹೇಳಿದ. "ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ಕೈ ಹಿಡಿದು ಕೇಳಿಕೊಂಡ.

ಅಮೋಗಸಿದ್ಧ ಮಾತಿಗೆ ತಪ್ಪುವವನಲ್ಲ. ಯಾರ ಮುಂದೂ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಬೀಗರ ಗುಂಪಿಗೆ ಬರೆದ, ಅಷ್ಟೇ. ಆ ಗುಂಪಿನಲ್ಲಿ ಇನ್ನೂರ ಹನ್ನೊಂದು ಜನರಿದ್ದರು.

ಸೋಲಾಪುರದ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಕಾಲು ಒರೆಸಬೇಕು, ಬಿಳಿ ನಿಲುವಂಗಿ ತೊಡಬೇಕು, ತಲೆಗೆ ಬಿಳಿ ಟೊಪ್ಪಿಗೆ ಹಾಕಬೇಕು. ಒಳಗೆ ಗಟ್ಟಿಯಾಗಿ ಮಾತಾಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಸಾತಲಿಂಗಪ್ಪನಿಗೆ ಇದೆಲ್ಲ ಬಹಳ ಹಿಡಿಸಿತು. ಇಷ್ಟು ಮಡಿಯಿಂದ ಮಾಡುವ ವಿದ್ಯೆ ಕೆಟ್ಟದ್ದಿರಲು ಸಾಧ್ಯವಿಲ್ಲ ಎಂದುಕೊಂಡ.

ಒಳಗೆ ಹನ್ನೆರಡು ಜನ ಸಂಶೋಧಕರು ಬಂಗಾರವಿಲ್ಲದೆ ಕೈಕಟ್ಟಿ ಕುಳಿತಿದ್ದರು. ಕೊಲ್ಹಾಪುರದವರು, ಲಾತೂರಿನವರು, ಕಲಬುರಗಿಯವರು. ಪ್ರಣಿತಾ ಬಾಗಿಲ ಕಡೆ ನೋಡಿ, "ಅಪ್ಪಾ, ನೀ ಇಲ್ಯಾಕ?" ಎಂದಳು. ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ಉದಯಕುಮಾರರು, ತೆಳ್ಳಗೆ ಸೌಮ್ಯವಾಗಿದ್ದವರು, ಕುರ್ಚಿಯಿಂದ ಎದ್ದರು. ಸಾತಲಿಂಗಪ್ಪ ಚುಂಗಿನ ಗಂಟು ಬಿಚ್ಚಿ, ವಿಭೂತಿ ಹತ್ತಿದ ಗುಂಡನ್ನು ಪ್ರೊಫೆಸರರ ಅಂಗೈಯಲ್ಲಿಟ್ಟ.

"ಹಾಕ್ರಿ ಇದನ್ನ," ಎಂದ. "ಟ್ರೇನಿಂಗ್ ನಿಲ್ಲೂದು ಬ್ಯಾಡ."

ಪ್ರೊಫೆಸರರು ಗುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಮೂವತ್ತು ವರ್ಷ ಪಾಠ ಹೇಳಿದ ಅವರಿಗೆ ಪಾಲಕರು ಕಾಯಿ ಕೊಟ್ಟಿದ್ದರು, ಪೇಢೆ ಕೊಟ್ಟಿದ್ದರು, ಹೆಂಡತಿಯ ಕೊರಳಿನ ಗುಂಡನ್ನು ಯಾರೂ ಕೊಟ್ಟಿರಲಿಲ್ಲ.

"ನಿಮ್ಮ ಮನಸ್ಸು ದೊಡ್ಡದು. ಆದ್ರ ಇದು ಬರಂಗಿಲ್ರಿ," ಎಂದರು. "ಬೋರಮಾಳದ ಗುಂಡಂದ್ರ ಮ್ಯಾಲ ಬಂಗಾರದ ತಗಡು, ಒಳಗ ಅರಗು. ಅರಗು ಕಾದು ಹೊಗಿ ಬಿಡ್ತಂದ್ರ ನಮ್ಮ ಪಂಪಿನ ಕಥೀನ ಮುಗೀತು." ಆಮೇಲೆ ಸಂಶೋಧಕರ ಕಡೆ ತಿರುಗಿ ಪಾಠದ ದನಿ ತೆಗೆದರು. "ನೀವೆಲ್ಲಾ ಬರ್ಕೊಳ್ರಿ. ಯಾರು ಏನ ತಂದು ಕೊಟ್ರೂ ನಂಬಿ ಯಂತ್ರದಾಗ ಹಾಕಬಾರ್ದು. ಮೊದಲು ಅದು ಏನಂತ ಪರೀಕ್ಷಾ ಮಾಡಬೇಕು. ಸುಮ್ನ ಕುಂತೀರಿ, ಇದನ್ನ ಮಾಡ್ರಿ."

ಹನ್ನೆರಡು ಜನರಿಗೂ ಜೀವ ಬಂತು. ವಸ್ತುವಿನಲ್ಲಿ ಯಾವ ಯಾವ ಧಾತುಗಳಿವೆಯೆಂದು ಹೇಳುವ ಎಕ್ಸ್-ರೇ ಯಂತ್ರದಲ್ಲಿ ಗುಂಡನ್ನು ಇಟ್ಟರು. ಪರದೆಯ ಮೇಲೆ ಗೆರೆ ಏಳತೊಡಗಿತು. ಹನ್ನೆರಡು ಟೊಪ್ಪಿಗೆಗಳು ಒಂದಾದವು, ಹದಿಮೂರನೆಯದು ಸಾತಲಿಂಗಪ್ಪನದು. ಒಬ್ಬ ತಾಮ್ರ ಎಂದ. ಇನ್ನೊಬ್ಬಳು ಸತು ಎಂದಳು. ಮತ್ತೊಮ್ಮೆ ಇಟ್ಟರು, ತಿರುಗಿಸಿ ಇಟ್ಟರು, ವಿಭೂತಿ ಒರೆಸಿ ಇಟ್ಟರು. ಬಂಗಾರದ ಗೆರೆ ಏಳಬೇಕಾದ ಜಾಗದಲ್ಲಿ ಇರುವೆ ಹರಿದಷ್ಟು ಎತ್ತರ. ಉಳಿದದ್ದೆಲ್ಲ ತಾಮ್ರ ಮತ್ತು ಸತು.

"ಸರ್, ಇದು ಹಿತ್ತಾಳಿ," ಎಂದು ಲಾತೂರಿನ ಹುಡುಗ ಉತ್ಸಾಹದಿಂದ ಘೋಷಿಸಿದ. "ಮ್ಯಾಲ ಬರೇ ಬಂಗಾರದ ನೀರು."

ಪ್ರಣಿತಾ ಅಪ್ಪನ ಮುಖ ನೋಡಿದಳು. ಸಾತಲಿಂಗಪ್ಪ ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕುಳಿತ. ಕದ್ದ ಮಾಲು ಕದಿಯುವ ಮೊದಲೇ ಕಳುವಾಗಿತ್ತು. ಇದನ್ನು ಮರಳಿ ಸರಕ್ಕೆ ಪೋಣಿಸಿದರೆ ಕಳ್ಳತನ ಮುಚ್ಚುತ್ತದೆ, ಆದರೆ ಯಾವತ್ತೋ ಒಂದು ದಿನ ಹಿತ್ತಾಳೆ ಹೊಳಪು ಬಿಟ್ಟಾಗ ಹೆಸರು ಯಾರದು ಬರುತ್ತದೆ? ತನ್ನದೇ. ಗಂಡನಾಗಿ ಇಪ್ಪತ್ತಾರು ವರ್ಷ ಗಳಿಸಿದ್ದ ನಂಬಿಕೆ ಒಂದು ಇರುವೆಯ ಎತ್ತರಕ್ಕೆ ಬಂದು ನಿಂತಿತ್ತು.

ಅಷ್ಟರಲ್ಲಿ ಅಮೋಗಸಿದ್ಧನ ಸುದ್ದಿ ಊರೂರು ತಿರುಗಿತ್ತು. ಅಕ್ಕಲಕೋಟೆಯಲ್ಲಿ ಹೊರಟಾಗ ಅದು ಒಂದು ಗುಂಡು. ಹೋಟಗಿ ತಲುಪುವಾಗ ಇಡೀ ಬೋರಮಾಳ. ಕಂದಲಗಾಂವದಲ್ಲಿ, ಪಿಎಚ್‌ಡಿ ಮಾಡುವ ಮಕ್ಕಳಿರುವ ಪ್ರತಿ ಮನೆಯಿಂದ ವಿದ್ಯಾಪೀಠದವರು ಬಂಗಾರ ಒಯ್ದು ಕುದಿಸಿ ಗಾಳಿಗೆ ಬಿಡುತ್ತಾರೆಂದಾಯಿತು. ಅದು ನಾಗಣಸೂರಿಗೆ ಮರಳಿದಾಗ ಹೆಂಗಸರು ಕಿವಿಯೋಲೆ ಬಿಚ್ಚಿ ಜೋಳದ ಕಣಜಕ್ಕೆ ಹಾಕುತ್ತಿದ್ದರು. ನಂದಾ ತನ್ನ ಝುಮಕಿಗಳನ್ನು ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ ಮುಳುಗಿಸಿದಳು. ಹೋಟಗಿಯ ಒಬ್ಬ ಬೀಗತಿ ಕಸ್ತೂರಬಾಯಿಗೆ ಫೋನು ಮಾಡಿ, "ಸಮಾಧಾನ ಮಾಡ್ಕೋ ಅಕ್ಕಾ, ಬಂಗಾರ ಹೋದ್ರ ಹೋಗಲಿ, ಗಂಡ ತಿರುಗಿ ಬರ್ತಾನ," ಎಂದು ಅತ್ತಳು.

ಕಸ್ತೂರಬಾಯಿ ತೊಳೆದು ಕಟ್ಟಿಕೊಂಡಿದ್ದ ಸರವನ್ನು ಕೊರಳಿಂದ ಬಿಚ್ಚಿ ಎಣಿಸಿದಳು. ಮೂವತ್ತೊಂದು. ಮತ್ತೆ ಎಣಿಸಿದಳು. ಮೂವತ್ತೊಂದು.

"ಅಮಾಸಿ ದಿವಸ ಮನ್ಯಾಗಿನ ಲಕ್ಷ್ಮೀನ ಹೊರಗ ಹಾಕ್ಯಾನ," ಎಂದು ನಂದಾ ತೀರ್ಪು ಕೊಟ್ಟಳು. "ಹೊಲಕ್ಕ ಅಂದ, ಇಸ್ತ್ರಿ ಅಂಗಿ ಹಾಕಿದ್ದ. ನಾ ಸಾಕ್ಷಿ ಬರ್ತೀನಿ, ನಡಿ."

ಬಾಡಿಗೆಗೆ ಒಂದು ಕ್ರೂಸರ್ ಗಾಡಿ ಗೊತ್ತುಮಾಡಿದರು. ಅದರಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕುಳಿತವಳು ಎಪ್ಪತ್ತೆಂಟರ ಲಕ್ಷ್ಮೀಬಾಯಿ, ಸಾತಲಿಂಗಪ್ಪನ ತಾಯಿ. ಅವಳನ್ನು ಯಾರೂ ಕರೆದಿರಲಿಲ್ಲ. ಸೊಂಟಕ್ಕೆ ಎಲೆ ಅಡಿಕೆಯ ಚಂಚಿ ಸಿಕ್ಕಿಸಿಕೊಂಡು, ಕಿಟಕಿಯ ಪಕ್ಕ ಕುಳಿತು, ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಎಲೆ ಜಗಿದಳು. ಅಕ್ಕಲಕೋಟೆಯಲ್ಲಿ ಅಮೋಗಸಿದ್ಧನೂ ಹತ್ತಿದ. ಬೆಂಕಿ ಹಚ್ಚಿದವನಿಗೆ ಅದು ಎಲ್ಲಿಯವರೆಗೆ ಉರಿಯಿತೆಂದು ನೋಡುವ ಕುತೂಹಲ ಇರುತ್ತದಲ್ಲ.

ಪ್ರಯೋಗಾಲಯದ ಗಾಜಿನ ಗೋಡೆಯಾಚೆ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯಲ್ಲಿ ಸ್ಟೂಲಿನ ಮೇಲೆ ಕುಸಿದಿದ್ದ ಗಂಡನನ್ನು ಕಂಡು ಕಸ್ತೂರಬಾಯಿಯ ಸಿಟ್ಟು ಒಂದು ಗಳಿಗೆ ಹಾರಿಹೋಯಿತು. "ಇವ್ರಿಗೆ ಏನ್ ಮಾಡಾಕತ್ತಾರವಾ, ಆಪರೇಶನ್ನಾ?" ಎಂದಳು. ಪ್ರಣಿತಾ ಹೊರಗೆ ಓಡಿ ಬಂದು ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಲಾತೂರಿನ ಹುಡುಗ ಬಾಗಿಲಲ್ಲಿ ತಲೆ ಹಾಕಿ, ಒಳ್ಳೆಯ ಸುದ್ದಿ ಹೇಳುವವನಂತೆ, "ಕಾಕೂ, ಕಾಳಜಿ ಮಾಡಬ್ಯಾಡ್ರಿ. ನಿಮ್ಮ ಗುಂಡು ಆವಿ ಮಾಡಿಲ್ಲ. ಅದು ಹಿತ್ತಾಳಿ ಇತ್ತು," ಎಂದ.

ಆ ಹುಡುಗ ಮುಂದೆ ದೊಡ್ಡ ವಿಜ್ಞಾನಿ ಆಗುತ್ತಾನೆ. ಮಾತಾಡುವ ಕೆಲಸ ಮಾತ್ರ ಅವನಿಗೆ ಯಾರೂ ಕೊಡಬಾರದು.

"ಹಿತ್ತಾಳಿ?" ಎಂದಳು ಕಸ್ತೂರಬಾಯಿ.

"ಮಾಂವ, ಖರೇದ ಎಲ್ಲಿಟ್ಟಿ?" ಎಂದ ಅಮೋಗಸಿದ್ಧ.

"ಅದು ನಿನ್ನ ಕೈಯಾಗೂ ಬಂದಿತ್ತಲ್ಲೋ, ಮಠದಾಗ," ಎಂದಳು ನಂದಾ. ಸಾಕ್ಷಿಯಾಗಿ ಬಂದವಳು ಈಗ ನ್ಯಾಯಾಧೀಶೆಯಾಗಿದ್ದಳು.

"ನಾ ಬರೇ ನೋಡೀನಿ, ಮುಟ್ಟಿಲ್ಲ."

"ನೋಡಿದ್ದನ್ನ ಇನ್ನೂರು ಮಂದಿಗಿ ಮುಟ್ಟಿಸಿದಿ."

ಪ್ರೊಫೆಸರರು ನಡುವೆ ಬಂದರು. ಕಸ್ತೂರಬಾಯಿಯ ಕೊರಳಿನ ಸರವನ್ನು ವಿನಯದಿಂದ ಕೇಳಿ ಪಡೆದು ಯಂತ್ರದ ಕೆಳಗೆ ಇಡಿಸಿದರು. ಸಂಶೋಧಕರು ಒಂದೊಂದೇ ಗುಂಡನ್ನು ಸರಿಸುತ್ತ ಹೋದರು. ಮೂವತ್ತೊಂದರಲ್ಲಿಯೂ ಬಂಗಾರದ ಗೆರೆ ಗೋಪುರದಂತೆ ಎದ್ದಿತು. ಒಂದೊಂದು ಗೋಪುರ ಎದ್ದಾಗಲೂ ನಂದಾ ಗಾಜಿನಾಚೆಯಿಂದ ಕೈಮುಗಿದಳು. ಇಡೀ ಸರದಲ್ಲಿ ಹಿತ್ತಾಳೆ ಇದ್ದದ್ದು ಒಂದೇ ಗುಂಡು. ಸಾತಲಿಂಗಪ್ಪ ಮುಟ್ಟಿದ್ದೂ ಆ ಒಂದೇ ಗುಂಡನ್ನು. ವಿಜ್ಞಾನ ಅವನನ್ನು ಬಿಡಿಸಲು ಹೋಗಿ ಇನ್ನೂ ಗಟ್ಟಿಯಾಗಿ ಕಟ್ಟಿತು.

"ಅಪ್ಪಾ, ನೀ ಯಾವ ಗುಂಡು ತೆಗದಿ?" ಎಂದು ಪ್ರಣಿತಾ ಕೇಳಿದಳು. ಸಂಶೋಧಕಿ ಅಲ್ಲವೆ.

"ತುದೀದು."

"ತುದೀದ ಯಾಕ?"

"ತುದೀದು ಸೆರಗಿನ ಬುಡಕ ಇರ್ತದವಾ. ಯಾರ ನೋಡ್ತಾರಂತ."

ಮೂಲೆಯ ಬೆಂಚಿನ ಮೇಲೆ ಕುಳಿತಿದ್ದ ಲಕ್ಷ್ಮೀಬಾಯಿಯ ದವಡೆ ನಿಂತಿತು. ಮಗನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ, ಮತ್ತೆ ಜಗಿಯತೊಡಗಿದಳು. ಯಾರೂ ಗಮನಿಸಲಿಲ್ಲ, ಏಕೆಂದರೆ ಕಸ್ತೂರಬಾಯಿ ಆಗ ಪ್ರೊಫೆಸರರ ಕಡೆ ತಿರುಗಿದ್ದಳು.

"ಅಲ್ರಿ ಸರ್, ಅರ್ಧ ಗ್ರಾಂ ಬಂಗಾರ ತರಸೂದು ಆಗಲಿಲ್ಲೇನ್ರಿ ನಿಮಗ? ಅದಕ್ಕ ನನ್ನ ಮನಿ ಮುರೀಬೇಕಾ?"

"ತರಸೀನಮ್ಮಾ," ಎಂದರು ಪ್ರೊಫೆಸರರು, ತಲೆ ತಗ್ಗಿಸಿ. "ಬಂದು ಮೂರು ವಾರ ಆಯ್ತು. ಕೆಳಗ ಸ್ಟೋರಿನಾಗ ಅದ."

ಹನ್ನೆರಡು ಗಂಟೆ ಹೊಡೆಯುತ್ತಿರುವಾಗ ಒಂದು ಮೆರವಣಿಗೆ ಮೆಟ್ಟಿಲಿಳಿಯಿತು. ಮುಂದೆ ಕಸ್ತೂರಬಾಯಿ, ಹಿಂದೆ ನಂದಾ, ಅದರ ಹಿಂದೆ ಪ್ರೊಫೆಸರರು, ಪ್ರಣಿತಾ, ಹನ್ನೆರಡು ಸಂಶೋಧಕರು, ಅಮೋಗಸಿದ್ಧ, ಟೊಪ್ಪಿಗೆ ತೆಗೆಯುವುದನ್ನು ಮರೆತ ಸಾತಲಿಂಗಪ್ಪ. ಸ್ಟೋರಿನ ಅಧಿಕಾರಿ ಯೋಗಿರಾಜ ರಜಿಸ್ಟರಿನ ಹಿಂದಿನಿಂದ ತಲೆ ಎತ್ತಿದ. ಪ್ರಾಮಾಣಿಕ ಮನುಷ್ಯ, ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿಯನ್ನೂ ಕಳೆದವನಲ್ಲ, ಏಕೆಂದರೆ ಯಾರಿಗೂ ಕೊಟ್ಟವನೇ ಅಲ್ಲ.

"ಬಂಗಾರ ಅದ, ನಾ ಇಲ್ಲ ಅಂದೇನಾ?" ಎಂದು ಬೀರು ತೆಗೆದು ಬೆಂಕಿಪೆಟ್ಟಿಗೆಯಷ್ಟು ಡಬ್ಬಿ ತೋರಿಸಿದ. ಒಳಗೆ ಹುಬ್ಬಿನ ಕೂದಲಿನಂಥ ತಂತಿ. "ನಿಯಮ ಅಂದ್ರ ನಿಯಮ. ಮಾಲು ಸ್ಟೋರಿನಾಗ ತೂಗಿ, ತೂಕ ಬರದು, ಆಮ್ಯಾಲ ಹೊರಗ ಕೊಡಬೇಕು. ನೀವ ನೋಡ್ರಿ." ತಂತಿಯನ್ನು ತೆಗೆದು ಮೂಲೆಯಲ್ಲಿದ್ದ ದೊಡ್ಡ ತಕ್ಕಡಿಯ ಮೇಲೆ ಭಕ್ತಿಯಿಂದ ಇಟ್ಟ. ಅದು ಸಿಮೆಂಟಿನ ಚೀಲ ತೂಗುವ ತಕ್ಕಡಿ. ಸೊನ್ನೆ ತೋರಿಸಿತು. "ಕಾಣ್ತದೇನ್ರಿ? ಸೊನ್ನಿ. ಸೊನ್ನಿ ಗ್ರಾಂ ಬಂಗಾರ ಬಂತಂತ ಬರೀಲಾ? ನಾಳಿ ಆಡಿಟಿನವರು ಕೇಳಿದ್ರ ನನ್ನ ಮನಿಗಿ ಬರ್ತಾರ."

"ಮ್ಯಾಲ ನಮ್ಮ ಲ್ಯಾಬಿನಾಗ ಸಣ್ಣ ತಕ್ಕಡಿ ಅದ, ಧೂಳಿನ ಕಣಾನೂ ತೂಗತದ ಅಂತ ನಾ ಮೂರು ಅರ್ಜಿ ಬರದೀನಿ," ಎಂದರು ಪ್ರೊಫೆಸರರು.

"ಅದು ಸ್ಟೋರಿನಾಗ ಇಲ್ಲಲ್ರಿ. ತೂಗದ ಮಾಲು ಸ್ಟೋರ್ ಬಿಟ್ಟು ಹೊರಗ ಹೋಗಂಗಿಲ್ಲ."

"ತಕ್ಕಡಿ ಕೆಳಗ ತರಲಾ?" ಎಂದ ಲಾತೂರಿನ ಹುಡುಗ.

"ಅದನ್ನ ಅಲುಗಾಡಿಸಿದ್ರ ಕೆಡ್ತದ," ಎಂದಳು ಪ್ರಣಿತಾ, ಗಡಿಯಾರ ನೋಡುತ್ತ.

ಹನ್ನೆರಡೂ ಇಪ್ಪತ್ತು. ವಿದ್ಯೆ ಮೇಲಿತ್ತು, ಬಂಗಾರ ಕೆಳಗಿತ್ತು, ನಡುವೆ ಮೂವತ್ತಾರು ಮೆಟ್ಟಿಲು ಮತ್ತು ಒಂದು ನಿಯಮ. ಆಗ ಸಾತಲಿಂಗಪ್ಪ ಕೆಮ್ಮಿದ. ಗುಂಡು ಹಿತ್ತಾಳೆ ಎಂದು ತಿಳಿದ ಮೇಲೆ ಅವನು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

"ಸಾಹೇಬ್ರ, ಒಂದು ಮಾತು. ನಮ್ಮೂರಾಗ ಹೊಲದ ಲೆಕ್ಕಾ ಬರಿಯೂ ತಲಾಠಿ ಬರ್ತಾರ್ರಿ. ಚಾವಡಿ ಸೋರ್ತದಂತ ಬೇವಿನ ಗಿಡದ ಬುಡಕ ಖುರ್ಚಿ ಹಾಕ್ಕೊಂಡು ಕುಂದರತಾರ. ದಫ್ತರ ತೊಡಿ ಮ್ಯಾಲ, ಶಿಕ್ಕಾ ಕಿಸೇದಾಗ. ಅವತ್ತ ಆ ಗಿಡಾನ ಚಾವಡಿ ಅಂತ ನಾವು ಒಪ್ಪತೀವಿ. ಹಂಗಾರ ನೀವು ಎಲ್ಲಿ ಕುಂತೀರೋ ಅದೇ ಸ್ಟೋರ್ ಅಲ್ಲೇನ್ರಿ?"

ಯೋಗಿರಾಜ ಪೆನ್ನು ಕೆಳಗಿಟ್ಟ. ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ಸ್ಟೋರಿನೊಂದಿಗೆ ಇಷ್ಟು ಹತ್ತಿರವಾಗಿ ಸೇರಿಸಿ ಹೊಗಳಿರಲಿಲ್ಲ. ನಿಯಮದ ಪುಸ್ತಕ ತೆರೆದು, ಸ್ಟೋರಿಗೆ ಗೋಡೆ ಇರಬೇಕೆಂದು ಎಲ್ಲಾದರೂ ಬರೆದಿದೆಯೇ ಎಂದು ಹುಡುಕಿದ. ಬರೆದಿರಲಿಲ್ಲ.

"ಖುರ್ಚಿ ಇದೇ ಬೇಕು," ಎಂದ.

ಖುರ್ಚಿಯನ್ನು ಸಾತಲಿಂಗಪ್ಪ ತಲೆಯ ಮೇಲೆ ಹೊತ್ತ. ರಜಿಸ್ಟರನ್ನು ಕೊಲ್ಹಾಪುರದವಳು ಹಿಡಿದಳು, ಶಾಯಿಯ ಡಬ್ಬಿಯನ್ನು ಅಮೋಗಸಿದ್ಧ, 'ಸ್ಟೋರ್' ಎಂದು ಬರೆದ ಹಲಗೆಯನ್ನು ಗೋಡೆಯಿಂದ ಕಳಚಿ ನಂದಾ. ನಡುವೆ ಯೋಗಿರಾಜ, ಎರಡೂ ಕೈಯಲ್ಲಿ ಡಬ್ಬಿ, ಮೂವತ್ತಾರು ಮೆಟ್ಟಿಲನ್ನೂ ಎಣಿಸುತ್ತ ಹತ್ತಿದ. ಮೇಲೆ ಅವನಿಗೂ ಟೊಪ್ಪಿಗೆ ತೊಡಿಸಿ, ಖುರ್ಚಿಯನ್ನು ಸಣ್ಣ ತಕ್ಕಡಿಯ ಮುಂದೆ ಇಟ್ಟು, ಹಲಗೆ ತೂಗುಹಾಕಿ, ಆ ನಾಲ್ಕು ಅಡಿ ಜಾಗವನ್ನು ಸ್ಟೋರ್ ಎಂದು ಎಲ್ಲರೂ ಒಪ್ಪಿದರು. ತಂತಿ ಇಟ್ಟರು. ತಕ್ಕಡಿ ಸ್ವಲ್ಪ ಹೊತ್ತು ಯೋಚಿಸಿ, ದಶಾಂಶದ ನಂತರ ನಾಲ್ಕು ಅಂಕಿ ತೋರಿಸಿತು. ಯೋಗಿರಾಜನ ಕಣ್ಣು ತುಂಬಿ ಬಂತು. ಇಷ್ಟು ಅಂಕಿಗಳನ್ನು ಅವನು ಒಂದೇ ಮಾಲಿಗೆ ಎಂದೂ ಬರೆದಿರಲಿಲ್ಲ. ಒಂದೊಂದನ್ನೂ ಅಕ್ಷತೆ ಇಡುವಂತೆ ಬರೆದು, ಶಿಕ್ಕಾ ಒತ್ತಿದ.

ಹನ್ನೆರಡೂ ಐವತ್ತಕ್ಕೆ ತಂತಿಯ ಒಂದು ತುಂಡು ಗಾಜಿನ ಗಂಟೆಯೊಳಗೆ, ಉಗುರಿನಷ್ಟು ಸಣ್ಣ ಲೋಹದ ದೋಣಿಯಲ್ಲಿ ಕುಳಿತಿತ್ತು. ಪಂಪು ಗಾಳಿಯನ್ನೆಲ್ಲ ಹೀರಿತು. ಪ್ರಣಿತಾ ಸಂಶೋಧಕರಿಗೆ ಹೇಳುತ್ತ ಹೋದಳು, ಎಷ್ಟು ಕರೆಂಟು, ಎಷ್ಟು ನಿಧಾನ, ಯಾವಾಗ ಮುಚ್ಚಳ ತೆರೆಯಬೇಕು. ಮೊದಲು ಹಾಳೆ ನೋಡಿ ಹೇಳಿದಳು, ಆಮೇಲೆ ನೋಡಲಿಲ್ಲ. ಗಾಜಿನ ಗೋಡೆಗೆ ಮೂಗು ಹಚ್ಚಿ ನಾಗಣಸೂರು ನಿಂತಿತ್ತು. ದೋಣಿ ಕೆಂಪಾಯಿತು, ಕಿತ್ತಳೆಯಾಯಿತು, ಬೆಳ್ಳಗಾಯಿತು. ತಂತಿ ಮುದುರಿ ಒಂದು ಹನಿಯಾಗಿ ನಿಂತು, ಹೊಳೆದು, ನೋಡುತ್ತಿದ್ದಂತೆ ಕರಗುತ್ತ ಹೋಯಿತು. ಗಂಟೆಯ ಒಳಗೋಡೆಗೆಲ್ಲ ನಸುಹಳದಿ ಬೆಳಗು ಹರಡಿತು.

"ಹೋತಲ್ಲವಾ," ಎಂದಳು ನಂದಾ ಪಿಸುದನಿಯಲ್ಲಿ.

"ಹೋಗಿಲ್ಲ, ಕುಂತಾದ," ಎಂದ ಸಾತಲಿಂಗಪ್ಪ.

ಗಾಳಿ ಬಿಟ್ಟು ಗಂಟೆ ಎತ್ತಿದಾಗ, ಉಗುರಿನಷ್ಟು ಪದರದ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ರಂಗೋಲಿಯ ಸಾಲಿನಂತೆ ಕುಳಿತಿದ್ದವು. ಪ್ರಣಿತಾ ಎರಡು ಸೂಜಿ ಇಳಿಸಿದಳು. ಪರದೆಯ ಮೇಲೆ ಗೆರೆ ಅಡ್ಡಡ್ಡ ಮಲಗಿಯೇ ಸಾಗಿತು, ಸಾಗಿತು, ಇದ್ದಕ್ಕಿದ್ದಂತೆ ಎದ್ದು ನಿಂತಿತು. ಹನ್ನೆರಡು ಜನ ಒಟ್ಟಿಗೆ ಉಸಿರು ಬಿಟ್ಟರು. ಪ್ರೊಫೆಸರರು ಮೇಜು ತಟ್ಟಿದರು. "ಇದು ನಿನ್ನ ರಿಪೋರ್ಟಿನ ಮೊದಲನೇ ಪುಟ," ಎಂದರು.

"ಏನಾತ್ರಿ?" ಎಂದು ಅಮೋಗಸಿದ್ಧ ಕೇಳಿದ.

"ಕರೆಂಟ್ ಈ ಕಡಿಯಿಂದ ಒಳಗ ಹೋಗ್ತದ ಮಾಮಾ, ಆ ಕಡಿಯಿಂದ ಹೊರಗ ಬರಂಗಿಲ್ಲ," ಎಂದಳು ಪ್ರಣಿತಾ.

"ಅಂದ್ರ ಯೋಗಿರಾಜ ಸಾಹೇಬ್ರ ಸ್ಟೋರ್ ಇದ್ದಂಗ," ಎಂದ ಸಾತಲಿಂಗಪ್ಪ, ತಿಳಿದವನಂತೆ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಯೋಗಿರಾಜ. ನಗದೆ ಇದ್ದವಳು ಕಸ್ತೂರಬಾಯಿ ಒಬ್ಬಳೇ. ಮಗಳ ಕೆನ್ನೆ ಸವರಿ ಲಟಿಗೆ ಮುರಿದಳು. ಗಂಡನ ಕಡೆ ನೋಡಲಿಲ್ಲ.

ಮರಳುವಾಗ ಮಂಜಿನ ಗುರುತೂ ಇರಲಿಲ್ಲ. ಆಕಾಶ ತೊಳೆದಿಟ್ಟ ತಾಟಿನಂತಿತ್ತು, ಸಾತಲಿಂಗಪ್ಪನಿಗೆ ಅಡಗಲು ಎಲ್ಲಿಯೂ ಜಾಗವಿರಲಿಲ್ಲ. ಹಿತ್ತಾಳೆಯ ಗುಂಡು ಅವನ ಮುಷ್ಟಿಯಲ್ಲಿ ಬೆವರುತ್ತಿತ್ತು. ಹೋಟಗಿ ದಾಟಿದ ಮೇಲೆ ನಂದಾ, "ಅಣ್ಣಾ, ಮಾರಿದ್ರ ಮಾರೀನಿ ಅಂತ ಹೇಳಿಬಿಡು, ಹಗುರ ಆಗ್ತದ," ಎಂದಳು. ಕಸ್ತೂರಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅಕ್ಕಲಕೋಟೆಯಲ್ಲಿ ಗಾಡಿ ನಿಂತಿತು. ಅಮೋಗಸಿದ್ಧ ಅಂಗಡಿಗೆ ಹೋದ, ನಂದಾ ದರ್ಶನದ ಸಾಲಿಗೆ ಓಡಿದಳು. ಮಠದ ಮುಂದಿನ ಕಲ್ಲುಕಟ್ಟೆಯ ಮೇಲೆ ಅತ್ತೆ ಸೊಸೆ ಕುಳಿತರು. ಸಾತಲಿಂಗಪ್ಪ ಕುಳಿತುಕೊಳ್ಳಲಿಲ್ಲ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಗುಂಡು ತೆಗದದ್ದು ಖರೆ. ಬದಲಿ ಮಾಡಿದ್ದು ನಾ ಅಲ್ಲ," ಎಂದ. "ಸ್ವಾಮಿಗಳ ಮುಂದ ನಿಂತು, ಹೊಸ್ತಿಲಾ ಮುಟ್ಟಿ ಆಣಿ ಮಾಡ್ತೀನಿ. ಆಮ್ಯಾಲರ ನಂಬು."

ಕಸ್ತೂರಬಾಯಿ ಬೆಚ್ಚಿ ತಲೆ ಎತ್ತಿದಳು. ಆ ಹೊಸ್ತಿಲಿನ ಮೇಲೆ ಆಣೆ ಮಾಡುವುದೆಂದರೆ ನಮ್ಮಲ್ಲಿ ಆಟದ ಮಾತಲ್ಲ; ಮಾಡಿದವನ ಮನೆಯಲ್ಲಿ ಆಮೇಲೆ ಯಾರಿಗೆ ನೆಗಡಿ ಬಂದರೂ ಊರು ಅದನ್ನೇ ನೆನೆಯುತ್ತದೆ. ಅವಳು ಬೇಡ ಎನ್ನುವಷ್ಟರಲ್ಲಿ ಅವನು ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದ.

"ಸಾತ್ಯಾ," ಎಂದಳು ಲಕ್ಷ್ಮೀಬಾಯಿ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು. "ಆಣಿ ಗೀಣಿ ಏನೂ ಬ್ಯಾಡ. ಬಂದು ಇಲ್ಲಿ ಕುಂದರು."

ಅವನು ಬಂದು ಕುಳಿತ. ಮುದುಕಿ ಬಾಯೊಳಗಿನ ಎಲೆಯನ್ನು ಉಗುಳಿ, ಬಾಯಿ ಒರೆಸಿಕೊಂಡು, ಸೊಂಟದ ಚಂಚಿಯನ್ನು ತೊಡೆಯ ಮೇಲೆ ಬಿಚ್ಚಿದಳು. ಎಲೆಯ ಜೇಬು, ಅಡಿಕೆಯ ಜೇಬು, ಸುಣ್ಣದ ಡಬ್ಬಿ, ಲವಂಗದ ಜೇಬು. ಅದರ ಹಿಂದೆ ಹೊಲಿಗೆ ಹಾಕಿ ಮುಚ್ಚಿದ ಇನ್ನೊಂದು ಜೇಬಿತ್ತು. ಅದರ ದಾರವನ್ನು ಹಲ್ಲಿನಿಂದ ಕಡಿದಳು. ಒಳಗಿಂದ ಬೋರೆಹಣ್ಣಿನ ಆಕಾರದ ಒಂದು ಬಂಗಾರದ ಗುಂಡು ಅವಳ ಅಂಗೈಗೆ ಉರುಳಿತು.

"ನೀ ಮನಿ ತುಂಬಿ ಬಂದಾಗ, ಹ್ಯಾಂಗಿರ್ತಿ ಏನೋ, ಒಂದು ವರ್ಷ ನೋಡೂಣು ಅಂತ ಮಾಡಿದ್ದೆ," ಎಂದಳು ಸೊಸೆಯ ಮುಖ ನೋಡದೆ. "ತುದೀದು ಸೆರಗಿನ ಬುಡಕ ಇರ್ತದ, ಯಾರ ನೋಡ್ತಾರ ಅಂತ."

ಸಾತಲಿಂಗಪ್ಪ ತಾಯಿಯ ಮುಖವನ್ನೂ ತನ್ನ ಮುಷ್ಟಿಯನ್ನೂ ನೋಡಿದ.

"ಒಂದು ವರ್ಷಾ?" ಎಂದಳು ಕಸ್ತೂರಬಾಯಿ.

"ವರ್ಷಕ್ಕ ಕೊಡವಾಕಿನ. ಇಷ್ಟ ದಿವಸ ಯಾಕ ಇಟ್ಕೊಂಡಿದ್ದಿ ಅಂತ ನೀ ಕೇಳಿದ್ರ ಏನ ಹೇಳಲಿ ಅಂತ, ಮತ್ತೊಂದು ವರ್ಷ ಇಟ್ಟೆ. ಹಂಗ ಹಂಗ."

ಕಸ್ತೂರಬಾಯಿ ಏನೂ ಕೇಳಲಿಲ್ಲ. ಕೊರಳಿನ ಸರವನ್ನು ಬಿಚ್ಚಿ, ದಾರದ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು, "ಹಿಡಿ," ಎಂದು, ಇನ್ನೊಂದು ಕೈಯನ್ನು ಅತ್ತೆಯ ಮುಂದೆ ಚಾಚಿದಳು. ಲಕ್ಷ್ಮೀಬಾಯಿ ಸುಣ್ಣ ಲವಂಗಗಳ ವಾಸನೆ ಹಿಡಿದಿದ್ದ ಗುಂಡನ್ನು ಸೆರಗಿನಿಂದ ಒಮ್ಮೆ ಒರೆಸಿ, ಆ ಅಂಗೈಯಲ್ಲಿಟ್ಟು, ಸೊಸೆಯ ಬೆರಳುಗಳನ್ನು ತಾನೇ ಮಡಿಚಿದಳು.